ಚಿತ್ರ ತೆಗೆದದ್ದು

ನಾನು ನಿಂತದ್ದು ಬಸವಕಲ್ಯಾಣದಲ್ಲಿ, ಮಹಾದೇವಮ್ಮನವರ ಮನೆಯ ಪಡಸಾಲೆಯಲ್ಲಿ, ಹೊಸ್ತಿಲು ದಾಟಿ ಎರಡು ಹೆಜ್ಜೆ ಒಳಗೆ, ಎಡಗಡೆಯ ಮರದ ಕಂಬದ ಪಕ್ಕ. ನವರಾತ್ರಿಗೆ ಮುಂಚಿನ ಶನಿವಾರ. ಗೋಡೆಯ ಗಡಿಯಾರ ಹತ್ತೂ ಹತ್ತು ತೋರಿಸುತ್ತಿತ್ತು. ಅದು ಐದು ನಿಮಿಷ ಮುಂದಿದೆ ಎಂದು ಮನೆಯವರೇ ಹೇಳುತ್ತಾರೆ, ಆದ್ದರಿಂದ ಹತ್ತೂ ಐದು ಎಂದು ಹಿಡಿಯಬೇಕು. ನನ್ನ ಬಲಗೈಯಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ರಟ್ಟುಗಳು. ಎದುರಿನ ಗೋಡೆ ನನ್ನಿಂದ ಹತ್ತು ಅಡಿ ದೂರ. ಅಲ್ಲಿ ಸುಣ್ಣ ಬಣ್ಣದ ಕೆಲಸದ ಮಹಬೂಬ ಮಿಸ್ತ್ರಿ ಸ್ಟೂಲಿನ ಮೇಲೆ ಕುಳಿತು, ಅಗಲವಾದ ಕಬ್ಬಿಣದ ಪಟ್ಟಿಯಿಂದ ಗೋಡೆ ಕೆರೆಯುತ್ತಿದ್ದರು. ಅಂಗೈ ಅಗಲದ ಕೆಂಪು ಮಾತ್ರ ಉಳಿದಿತ್ತು. ಅದು ಏನೆಂದು ನನಗೆ ಕಾಣಲಿಲ್ಲ, ಅವರ ಭುಜ ಅಡ್ಡವಿತ್ತು. ಪಟ್ಟಿ ಎರಡು ಸಲ ಆಡಿತು. ಕೆಂಪು ಪುಡಿ ಕೆಳಗೆ ಹಾಸಿದ್ದ ಹಳೆಯ ಪೇಪರಿನ ಮೇಲೆ ಬಿತ್ತು. ಅವರು ತಿರುಗಿ ನನ್ನನ್ನು ನೋಡಿದರು.

“ಬರ್ರಿ ಸರ್. ನೀವು ಹೇಳಿದಂಗ ಚಿತ್ರ ತೆಗದೀನಿ.”

ಹೀಗೆ ಅಳೆದು ಹೇಳುವುದು ನನ್ನ ಕಸುಬಿನಿಂದ ಬಂದ ಚಟ. ಮೂವತ್ತು ವರ್ಷಗಳಿಂದ ಹುಮನಾಬಾದಿನ ಬಸ್ ನಿಲ್ದಾಣದ ಹತ್ತಿರ ಔಷಧದ ಅಂಗಡಿ ಇಟ್ಟುಕೊಂಡಿದ್ದೇನೆ. ಐದು ಮಿಲಿ ಎಂದರೆ ಐದೇ ಮಿಲಿ. ಆದರೆ ಆ ಶನಿವಾರದ ವಿಷಯದಲ್ಲಿ ಬೇರೆ ಕಾರಣವೂ ಇದೆ. ನನಗೆ ಖಾತ್ರಿಯಿರುವುದು ಇಷ್ಟೇ. ಇದಕ್ಕಿಂತ ಮುಖ್ಯವಾದದ್ದನ್ನು ನಾನು ನೋಡಿಟ್ಟುಕೊಂಡಿರಲಿಲ್ಲ. ಅದನ್ನು ಹೇಳುವ ಮೊದಲು, ಗುಳಿಗೆ ಮಾರುವವನೊಬ್ಬ ರಟ್ಟಿನ ಚೀಲ ಹಿಡಿದುಕೊಂಡು ಇನ್ನೊಂದು ಊರಿನ ಪಡಸಾಲೆಯಲ್ಲಿ ಯಾಕೆ ನಿಂತಿದ್ದ ಎಂಬುದನ್ನು ನಿಮಗೆ ಹೇಳಬೇಕು.

ಟಾನಿಕ್ಕಿನ ಡಬ್ಬಿಯನ್ನು ಬಿಚ್ಚಿ ಒಳಮಗ್ಗಲು ನೋಡಿದ್ದೀರಾ? ಹೊರಗೆ ಎಷ್ಟೇ ಬಣ್ಣವಿರಲಿ, ಒಳಗೆ ಹಾಲಿನಂಥ ಬಿಳುಪು. ಪೆನ್ಸಿಲು ಅದರ ಮೇಲೆ ಜಾರುವುದೂ ಇಲ್ಲ, ಸಿಕ್ಕಿಕೊಳ್ಳುವುದೂ ಇಲ್ಲ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಅದರ ಮೇಲೆ ಕೈಗೆ ಬಂದದ್ದನ್ನು ತೆಗೆಯುತ್ತೇನೆ. ಗಿರಾಕಿ ಇದ್ದಾಗಲೂ ತೆಗೆಯುತ್ತೇನೆ ಎಂದು ದೂರುವವರಿದ್ದಾರೆ. ಒಮ್ಮೆ ಒಬ್ಬ ಯಜಮಾನರು ಕೌಂಟರಿನ ಮೇಲೆ ಚೀಟಿ ಇಟ್ಟು ಬಹಳ ಹೊತ್ತು ಕಾದು, “ಡಾಕ್ಟರ ಹೇಳ್ಯಾರ, ಊಟಕ್ಕ ಮೊದಲ ನುಂಗಬೇಕಂತ. ಮೊದಲ ಗುಳಿಗಿ ಕೊಡ್ರಿ, ಆಮ್ಯಾಲೆ ಗಿಣಿ ತೆಗೀರಿ” ಎಂದರು. ಅದು ಗಿಣಿಯಾಗಿರಲಿಲ್ಲ, ಎದುರಿನ ಅಂಗಡಿಯ ತಕ್ಕಡಿ. ಆದರೆ ವಾದಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ನನ್ನ ಮನೆಯಾಕೆ ಸುಜಾತಾ ಈ ರಟ್ಟುಗಳನ್ನು ಮಂಚದ ಕೆಳಗೆ ಜೋಡಿಸಿಟ್ಟಿದ್ದಾಳೆ. ರದ್ದಿ ಅಂಗಡಿಯಿಂದ ನಾನು ತರುವ ಪುಸ್ತಕಗಳೂ ಅಲ್ಲೇ. ರದ್ದಿ ಅಂಗಡಿಯಲ್ಲಿ ಪುಸ್ತಕ ತೂಕಕ್ಕೆ ಸಿಗುವುದರಿಂದ ನಾನು ವಿಷಯ ನೋಡುವುದಿಲ್ಲ, ಚಿತ್ರವಿದೆಯೇ ಎಂದಷ್ಟೇ ನೋಡುತ್ತೇನೆ. ಹಾಗೆ ಸಿಕ್ಕಿದ್ದು ಹಳೆಯ ಮೂರ್ತಿಗಳ ಒಂದು ಪುಸ್ತಕ, ಮೊದಲ ಮತ್ತು ಕೊನೆಯ ಹಾಳೆಗಳಿಲ್ಲ. ಪ್ರತಿ ಮೂರ್ತಿಯ ಕೆಳಗೂ ಒಂದೇ ಸಾಲು: ಎತ್ತರ ಇಷ್ಟು, ಕಲ್ಲು ಇಂಥದ್ದು, ಮೂಗು ಭಗ್ನ. ಅಲಂಕಾರವಿಲ್ಲದ ಆ ಸಾಲುಗಳನ್ನು ನಾನು ಮಲಗುವ ಮುನ್ನ ಓದುವುದುಂಟು. ಸುಜಾತಾ ಒಮ್ಮೆ ನನ್ನ ರಟ್ಟುಗಳನ್ನೆಲ್ಲ ತಿರುವಿಹಾಕಿ, “ನಿಮ್ಮವಕ್ಕೂ ಹಂಗ ಒಂದೊಂದು ಸಾಲು ಬರೀರಿ. ಮೂಗು ಭಗ್ನ ಅಲ್ಲ, ಮೂಗು ಇಲ್ಲ ಅಂತ” ಎಂದಳು.

ಅವಳ ಮಾತಿನಲ್ಲಿ ಸತ್ಯವಿತ್ತು. ನನಗೆ ಮುಖ ಎಂದರೆ ಹೆದರಿಕೆ. ಇದು ಇವತ್ತಿನದಲ್ಲ. ಶಾಲೆಯಲ್ಲಿ ಚಿತ್ರಕಲೆಯ ಮಾಸ್ತರರು ಸ್ಟೂಲಿನ ಮೇಲೆ ತಂಬಿಗೆ ಇಟ್ಟು ತೆಗೆಯಿರಿ ಎಂದರೆ ನಾನು ಮೊದಲು ಸ್ಟೂಲು ತೆಗೆಯುತ್ತಿದ್ದೆ. ತಂಬಿಗೆಯ ಎರಡು ಬದಿ ಸಮ ಬರುವುದಿಲ್ಲವೆಂಬ ಭಯ. ಸ್ಟೂಲಿನ ನಾಲ್ಕು ಕಾಲು, ಅದರ ಮೊಳೆ, ಮೊಳೆಯ ತುಕ್ಕು ಇವೆಲ್ಲ ಮುಗಿಯುವಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು. ಮಾಸ್ತರರು ನನ್ನ ಹಾಳೆ ಎತ್ತಿ ಹಿಡಿದು, “ಸ್ಟೂಲ ಛಲೋ ಬಂದದ. ತಂಬಗಿ ಯಾರ ಕದ್ದೊಯ್ದರು?” ಎಂದು ಇಡೀ ವರ್ಗಕ್ಕೆ ಕೇಳಿದ್ದರು. ಈಗಲೂ ಬಸ್ಸಿನಲ್ಲಿ ಹೋಗುವಾಗ ಎದುರು ಸೀಟಿನವರು ನಿದ್ದೆಹೋಗಿದ್ದರೆ ಅವರ ಕೈಗಳನ್ನು ತೆಗೆಯುತ್ತೇನೆ, ಬುತ್ತಿಯ ಗಂಟು ತೆಗೆಯುತ್ತೇನೆ, ಪಾದ ತೆಗೆಯುತ್ತೇನೆ. ಮುಖಕ್ಕೆ ಬರುವಷ್ಟರಲ್ಲಿ ರಾಜೇಶ್ವರದ ಹತ್ತಿರ ರಸ್ತೆಯ ಉಬ್ಬು ಬರುತ್ತದೆ, ಅವರು ಎಚ್ಚರಾಗುತ್ತಾರೆ. ಉಬ್ಬು ಬಂದದ್ದಕ್ಕೆ ನನಗೆ ಒಳಗೊಳಗೇ ಸಮಾಧಾನ.

ಇಷ್ಟು ಹೊತ್ತಿಗೆ ಒಂದು ಶಬ್ದ ನಿಮ್ಮ ಕಿವಿಗೆ ತಾಗಿರಬೇಕು. ನಮ್ಮ ಕಡೆ ಚಿತ್ರ ಬರೆಯುವುದಿಲ್ಲ, ತೆಗೆಯುತ್ತೇವೆ. ಮೈಸೂರು ಕಡೆಯವರು ಬಿಡಿಸುತ್ತಾರಂತೆ, ಅದನ್ನು ಅಲ್ಲಿ ಯಾರು ಹಿಡಿದಿಟ್ಟಿರುತ್ತಾರೋ ತಿಳಿಯದು. ತೆಗೆಯುವುದು ಎಂಬ ಮಾತಿನಲ್ಲಿ ನಮಗೆ ಬಾವಿಯಿಂದ ನೀರು ತೆಗೆದಂತೆ ಕಾಣುತ್ತದೆ. ಒಳಗಿದ್ದದ್ದು ಹೊರಗೆ ಬಂತು. ಆದರೆ ಕಾಲಿನ ಮುಳ್ಳನ್ನೂ ತೆಗೆಯುತ್ತೇವೆ, ಹೊಲದ ಕಸವನ್ನೂ ತೆಗೆಯುತ್ತೇವೆ.

ಈ ಶಬ್ದ ಮೊದಲೂ ಒಮ್ಮೆ ನನ್ನನ್ನು ಪೇಚಿಗೆ ಸಿಕ್ಕಿಸಿತ್ತು. ಔಷಧ ಖರೀದಿಗೆ ಹೊರ ಊರುಗಳಿಗೆ ಹೋದಾಗ ಅಲ್ಲಿ ಮ್ಯೂಸಿಯಂ ಇದ್ದರೆ ನಾನು ನೋಡದೆ ಬರುವವನಲ್ಲ. ಅಂಥ ಒಂದು ಕಡೆ, ಯಾವುದೆಂದು ಬೇಡ, ಹಳೆಯ ಬಾಗಿಲೊಂದರ ಚಿಲಕ ತೆಗೆಯುತ್ತ ನೆಲದ ಮೇಲೆ ಕುಳಿತಿದ್ದೆ. ಕಾವಲಿನವರು ಬಂದು ಗೋಡೆಯ ಬೋರ್ಡಿನತ್ತ ಕೈ ತೋರಿಸಿದರು. “ಇಲ್ಲಿ ಚಿತ್ರ ತೆಗೆಯಬಾರದು.”

“ಅದು ಫೋಟೋಕ್ಕ ಹೇಳಿದ್ದುರಿ” ಎಂದೆ.

“ಬೋರ್ಡಿನ್ಯಾಗ ಫೋಟೋ ಅಂತ ಅದೇನ್ರಿ? ತೆಗೀಬಾರದು ಅಂದ್ರ ತೆಗೀಬಾರದು. ಮೊಬೈಲಿಂದರ ತೆಗೀರಿ, ಪೆನ್ಸಿಲಿಂದರ ತೆಗೀರಿ.”

ನಾನು ರಟ್ಟು ಚೀಲಕ್ಕೆ ಹಾಕಿ ಹೊರಟೆ. ಅವರು ಬಾಗಿಲಿನವರೆಗೂ ಹಿಂದೆಯೇ ಬಂದು, ಹೊರಗಿನ ಬೇವಿನ ಮರದ ಕೆಳಗೆ ನಿಂತು ಟೋಪಿ ಸರಿಮಾಡಿಕೊಂಡರು. “ಇಲ್ಲಿ ಬೋರ್ಡ ಇಲ್ಲ. ಈಗ ನಂದು ತೆಗೀರಿ ನೋಡೂಣು.” ನಾನು ಟೋಪಿ ತೆಗೆದೆ, ಗುಂಡಿಗಳನ್ನು ತೆಗೆದೆ, ಎದೆಯ ಬಿಲ್ಲೆ ತೆಗೆದೆ. ಅಷ್ಟರಲ್ಲಿ ಒಳಗಿನಿಂದ ಯಾರೋ ಅವರನ್ನು ಕರೆದರು.

ಮಹಾದೇವಮ್ಮನವರ ಪರಿಚಯವಾದದ್ದು ಕಡಕ್ ರೊಟ್ಟಿಯಿಂದ. ಅವರಿಗೆ ಅರವತ್ತೈದರ ಆಸುಪಾಸು. ಬಸವಕಲ್ಯಾಣದಲ್ಲಿ ತಾವು ಹುಟ್ಟಿ ಬೆಳೆದ ಮನೆಯ ಪಡಸಾಲೆಯಲ್ಲೇ ನಾಲ್ಕು ಹೆಂಗಸರನ್ನು ಕೂಡಿಸಿಕೊಂಡು ರೊಟ್ಟಿ ಬಡಿಯುವ ಕೆಲಸ ನಡೆಸುತ್ತಾರೆ. ವಾರಕ್ಕೊಮ್ಮೆ ನಮ್ಮ ಪಕ್ಕದ ಕಿರಾಣಿ ಅಂಗಡಿಗೆ ರೊಟ್ಟಿಯ ಪಾಕೀಟು ಹಾಕಲು ಬರುತ್ತಾರೆ, ಬಂದವರು ನನ್ನಲ್ಲಿ ಬಿ.ಪಿ. ಗುಳಿಗೆ ತೆಗೆದುಕೊಂಡು ಹೋಗುತ್ತಾರೆ. ಒಂದು ದಿನ ಕೌಂಟರಿನ ಮೇಲಿನ ರಟ್ಟು ನೋಡಿ, “ನಮ್ಮ ರೊಟ್ಟಿ ತೆಗೀರಲ್ಲ” ಎಂದರು. ನಾನು ಒಂದು ರೊಟ್ಟಿ ಎದುರಿಗಿಟ್ಟುಕೊಂಡು ಅದರ ಒಂದೊಂದು ಕಪ್ಪು ಚುಕ್ಕೆಯನ್ನೂ ಬಿಡದೆ ತೆಗೆದೆ. ಮುಂದಿನ ವಾರ ಅವರು ಅದನ್ನು ದೂರ ಹಿಡಿದು ನೋಡಿದರು.

“ಇದು ಸೀದ ರೊಟ್ಟಿ. ನಮ್ಮ ಮನೀದಲ್ಲ.”

ಆದರೆ ರಟ್ಟು ವಾಪಸು ಕೊಡಲಿಲ್ಲ. ಅದನ್ನು ಬುಟ್ಟಿಯಲ್ಲಿಟ್ಟುಕೊಂಡು, “ಅಣ್ಣಾ, ಎದುರಿಗಿದ್ದದ್ದು ಹ್ಯಾಂಗ ಅದನೋ ಹಂಗ ತೆಗೀತೀರಿ ಅಲ್ರಿ? ನಮ್ಮ ಮನೀ ಗ್ವಾಡಿ ಮ್ಯಾಲ ಒಂದು ಚಿತ್ರ ಅದ. ಬಂದು ತೆಗದು ಕೊಡ್ತೀರೇನು?” ಎಂದರು.

ಆ ಚಿತ್ರವನ್ನು ತೆಗೆದದ್ದು ಅವರ ತಾಯಿ. ಮನೆಯಲ್ಲಿ ಒಂದು ಮದುವೆಯಿದ್ದಾಗ, ಪಡಸಾಲೆಯ ಗೋಡೆಯ ಮೇಲೆ ಕೆಮ್ಮಣ್ಣನ್ನು ನೀರಿನಲ್ಲಿ ಕಲಸಿ, ಕಡ್ಡಿಗೆ ಅರಳೆ ಸುತ್ತಿ ತೆಗೆದದ್ದು. ಒಂದು ವರ್ಷದೊಳಗೆ ಆ ತಾಯಿ ತೀರಿಕೊಂಡರು. ಆಗ ಮಹಾದೇವಮ್ಮನವರಿಗೆ ನಾಲ್ಕು ವರ್ಷ. ತಾಯಿಯ ಫೋಟೋ ಒಂದೂ ಇಲ್ಲ. ಆದರೆ ಚಿತ್ರದ ಸಾಲಿನಲ್ಲಿ ಕೊನೆಗೆ ಒಬ್ಬ ಹೆಂಗಸು ಸಣ್ಣ ಹುಡುಗಿಯ ಕೈ ಹಿಡಿದು ನಿಂತಿದ್ದಳು. “ಇಕಿ ಯಾರ?” ಎಂದು ಮನೆಯವರು ಕೇಳಿದಾಗ ತಾಯಿ “ನಾನ” ಎಂದಿದ್ದಳಂತೆ. ಅದನ್ನು ಸೋದರತ್ತೆ ಹೇಳಿ ಹೋಗಿದ್ದರು. ಅಂದಿನಿಂದ ಪ್ರತಿ ದಸರೆಗೂ ಆ ಚಿತ್ರವನ್ನು ಬಿಟ್ಟು ಸುತ್ತ ಸುಣ್ಣ ಹಚ್ಚುತ್ತಿದ್ದರು. ಅರವತ್ತು ವರ್ಷದ ಸುಣ್ಣ ಪದರ ಪದರವಾಗಿ ಏರಿ, ಚಿತ್ರ ಉಗುರಿನಷ್ಟು ಆಳದಲ್ಲಿ ಕುಳಿತಿತ್ತು. ಬೆರಳಾಡಿಸಿದರೆ ಅದರ ಅಂಚು ತಿಳಿಯುತ್ತಿತ್ತು.

ಈ ವರ್ಷ ರೊಟ್ಟಿಯ ಕೆಲಸಕ್ಕೆ ಲೈಸೆನ್ಸು ಬೇಕಾಗಿತ್ತು. ತಿನ್ನುವ ಪದಾರ್ಥ ಮಾಡುವ ಜಾಗದಲ್ಲಿ ಗೋಡೆ ತೊಳೆಯಲು ಬರುವಂತಿರಬೇಕು, ಮಣ್ಣಿನ ಬಣ್ಣ ಉದುರಬಾರದು. ಮಹಾದೇವಮ್ಮ ಒಪ್ಪಿದರು. ನಾಲ್ಕು ಮನೆಗಳ ದುಡಿಮೆ ಆ ಪಡಸಾಲೆಯಲ್ಲಿತ್ತು. ಚಿತ್ರ ಹೋಗಲಿ, ಅದರ ಮೊದಲು ಅದರಂಥದೇ ಒಂದು ರಟ್ಟಿನ ಮೇಲೆ ಬರಲಿ, ಚೌಕಟ್ಟು ಹಾಕಿಸಿ ಅದೇ ಜಾಗದಲ್ಲಿ ತೂಗುಹಾಕುತ್ತೇನೆ ಎಂಬುದು ಅವರ ಲೆಕ್ಕ.

ನಾನು ಎರಡು ಸಲ ಹೋದೆ, ಮಂಗಳವಾರ ಮತ್ತು ಗುರುವಾರ, ಅಂಗಡಿಯಲ್ಲಿ ಸುಜಾತಾಳನ್ನು ಕೂಡಿಸಿ. ಗೋಡೆಯ ಮೇಲೆ ಎಡಗಡೆಯಿಂದ ಮೊದಲು ಒಂದು ರೈಲು. ಆ ತಾಯಿ ರೈಲು ಕಂಡವರಲ್ಲ, ಗಂಡ ಹೇಳಿದ್ದನ್ನು ಕೇಳಿ ತೆಗೆದದ್ದು. ಡಬ್ಬಿಗಳಿಗೆ ಚಕ್ಕಡಿಯ ಗಾಲಿ, ಒಂದೊಂದು ಗಾಲಿಯಲ್ಲಿ ಎಂಟೆಂಟು ಕಟ್ಟಿಗೆಯ ಅರೆಕಾಲು. ಹೊಗೆ ಬಿಡುವ ಇಂಜಿನ್ನಿನ ಮುಂದೆ ಎರಡು ಎತ್ತು ಹೂಡಿತ್ತು. ಏನೇ ಆದರೂ ಎತ್ತಿಲ್ಲದೆ ಗಾಡಿ ಹೋಗುವುದು ಹೇಗೆ? ಆ ಎತ್ತುಗಳನ್ನು ಕಂಡು ನನಗೆ ಹುಚ್ಚು ಹಿಡಿದಂತಾಯಿತು. ಮಂಗಳವಾರವೆಲ್ಲ ರೈಲಿನಲ್ಲೇ ಕಳೆದೆ. ಗುರುವಾರ ತುಳಸಿಕಟ್ಟೆ, ಬಾಳೆಯ ಕಂಬ, ಎರಡು ನವಿಲು. ನನ್ನ ಬೆನ್ನ ಹಿಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದ ಶಾಂತಾಬಾಯಿ ಕೇಳಿದರು, “ಸಾವುಕಾರ್ರ, ರೈಲು ಇನ್ನಾ ಸ್ಟೇಶನ್ ಮುಟ್ಟಲಿಲ್ಲೇನ್ರಿ?” ಅವರ ಪಕ್ಕದ ಗುಂಡಮ್ಮ, “ಎತ್ತಿನ ರೈಲು ಯವ್ವಾ, ಲಗೂನ ಹ್ಯಾಂಗ ಮುಟ್ಟತದ” ಎಂದರು. ನಾನೂ ನಕ್ಕೆ. ಬಲಗಡೆಯ ಕೊನೆಯಲ್ಲಿ ನಿಂತಿದ್ದ ಆ ಹೆಂಗಸನ್ನು ಶನಿವಾರಕ್ಕೆಂದು ಇಟ್ಟೆ. ಅದು ಮುಖ. ಅದಕ್ಕೆ ಬೆಳಗಿನ ಬೆಳಕು ಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಗುರುವಾರ ಸಂಜೆ ಹೊರಡುವಾಗ ಮಹಬೂಬ ಮಿಸ್ತ್ರಿ ಗೋಡೆ ನೋಡಿಹೋಗಲು ಬಂದಿದ್ದರು. ಬಾಗಿಲಲ್ಲಿ ಎದುರಾದರು. ನಾನು ಆಡಿದ ಮಾತನ್ನು ಅಕ್ಷರ ಬಿಡದೆ ಬರೆಯುತ್ತೇನೆ: “ಮಿಸ್ತ್ರಿ, ಬಣ್ಣ ಆಮ್ಯಾಲೆ. ಮೊದಲ ಆ ಚಿತ್ರ ತೆಗೀಬೇಕು. ಶನಿವಾರ ಹತ್ತಕ್ಕ ನಾ ಬರ್ತೀನಿ.”

“ಹೌದ್ರಿ ಸರ್. ತೆಗೀಲಾರದ ಬಣ್ಣ ಹಚ್ಚಿದರ ಹಿಡಿಯೂದಿಲ್ಲ” ಎಂದರು ಅವರು.

ಬಸ್ಸಿನಲ್ಲಿ ಕುಳಿತು ಹುಮನಾಬಾದಿನವರೆಗೂ ನಾನು ಆ ಮಾತನ್ನು ಮೆಲುಕು ಹಾಕಿದೆ. ಚಿತ್ರ ತೆಗೆಯದೆ ಹಚ್ಚಿದ ಬಣ್ಣ ಹಿಡಿಯುವುದಿಲ್ಲ. ಎಂಥ ರಸಿಕ ಮನುಷ್ಯ, ಕಲೆಯ ಬೆಲೆ ಬಲ್ಲವರು ಎಂದುಕೊಂಡೆ.

ಅವರ ಕನ್ನಡ ನನ್ನ ಕನ್ನಡಕ್ಕಿಂತ ಕಡಿಮೆಯದಲ್ಲ. ಶನಿವಾರ ಎಂಟಕ್ಕೇ ಬಂದಿದ್ದರು. ಮಹಾದೇವಮ್ಮ ಮಂಠಾಳಕ್ಕೆ ರೊಟ್ಟಿ ಕೊಡಲು ಹೋಗಿದ್ದರು, ಒಳಗೆ ಸೊಸೆ ಜ್ಯೋತಿ ಅಡುಗೆಯಲ್ಲಿದ್ದಳು. ಮಿಸ್ತ್ರಿ ಕೇಳದೆ ಕೈ ಹಚ್ಚಿದವರಲ್ಲ. “ಅಕ್ಕೋರೆ, ಮೊದಲ ಚಿತ್ರ ತೆಗೀಬೇಕಂತಲ್ರಿ?” ಎಂದು ಕೇಳಿದರು. “ಹೌದ್ರಿ, ಇವತ್ತ ತೆಗೀಬೇಕಂತ ಹೇಳ್ಯಾರ” ಎಂದು ಜ್ಯೋತಿ ಒಳಗಿನಿಂದಲೇ ಹೇಳಿದಳು. ಇಬ್ಬರೂ ಒಂದೇ ಮಾತು ಆಡಿದರು. ನಾನು ಆಡಿದ ಮಾತು.

ಮಹಾದೇವಮ್ಮ ಬಂದದ್ದು ಹತ್ತೂವರೆಗೆ. ನಾನು ಇನ್ನೂ ಕಂಬದ ಪಕ್ಕದಲ್ಲೇ ಇದ್ದೆ. ಅವರು ಗೋಡೆ ನೋಡಿದರು, ಪೇಪರಿನ ಮೇಲಿನ ಕೆಂಪು ಪುಡಿ ನೋಡಿದರು. ದನಿ ಏರಿಸಲಿಲ್ಲ.

“ಮಹಬೂಬ, ಯಾರ ಹೇಳಿದರು ನಿನಗ?”

ಮಿಸ್ತ್ರಿಗೆ ಆಗಲೇ ಎಲ್ಲ ಅರ್ಥವಾಗಿತ್ತು, ಇಪ್ಪತ್ತೈದು ನಿಮಿಷ ನನ್ನ ಮುಖ ಎದುರಿಗಿತ್ತಲ್ಲ. ಅವರು ನನ್ನ ಕಡೆ ಒಮ್ಮೆ ನೋಡಿ, ಕೈಯ ಪಟ್ಟಿ ನೋಡಿಕೊಂಡರು. ನನ್ನ ಹೆಸರು ಹೇಳಲಿಲ್ಲ. “ನಂದ ತಪ್ಪಾಯಿತ್ರಿ” ಎಂದರು. ಇದನ್ನು ಬರೆದಿಡಬೇಕು. ಇನ್ನೊಂದನ್ನೂ ಬರೆದಿಡಬೇಕು: ಆ ಮಾತಾದ ಮೇಲೂ ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ. ಎಷ್ಟು ಹೊತ್ತು ಎಂದರೆ, ಮಹಾದೇವಮ್ಮ ತಲೆಯ ಮೇಲಿನ ಬುಟ್ಟಿ ಇಳಿಸಿ, ಸೆರಗು ಸರಿಮಾಡಿಕೊಂಡು, ರೊಟ್ಟಿ ಬಡಿಯುವ ಕಲ್ಲಿನ ಪಕ್ಕ ಕೂಡುವಷ್ಟು.

“ನಾನ ಹೇಳಿದ್ದು, ಅಕ್ಕಾ” ಎಂದೆ ಆಮೇಲೆ. “ತೆಗೀಬೇಕು ಅಂದೆ. ನಾ ಅಂದದ್ದು ರಟ್ಟಿನ ಮ್ಯಾಲ ತೆಗೀಬೇಕು ಅಂತ.”

ಅವರು ನನ್ನ ಚೀಲದತ್ತ ಕೈ ಮಾಡಿದರು. “ತೆಗದಷ್ಟು ತೋರಸ್ರಿ.”

ರಟ್ಟುಗಳನ್ನು ಸಾಲಾಗಿ ನೆಲದ ಮೇಲೆ ಹಚ್ಚಿದೆ. ರೈಲು, ಎತ್ತು, ತುಳಸಿಕಟ್ಟೆ, ಬಾಳೆ, ನವಿಲು. ಅವರು ಬೆರಳಿನಿಂದ ಒಂದೊಂದನ್ನೇ ದಾಟುತ್ತ ಬಲಗಡೆಗೆ ಬಂದರು. ಕೊನೆಯ ರಟ್ಟು ಖಾಲಿ ಇತ್ತು. ಬೆರಳು ಅಲ್ಲಿ ನಿಂತಿತು.

“ಅವ್ವ ಎಲ್ಲಿ?”

“ಇವತ್ತ ತೆಗೀಬೇಕಂತ ಬಂದಿದ್ದೆ” ಎಂದೆ. ಬೇರೆ ಶಬ್ದ ನನ್ನಲ್ಲಿರಲಿಲ್ಲ.

ಹತ್ತು ದಿನ ನಾನು ಆ ಕಡೆ ಹೋಗಲಿಲ್ಲ. ಅಂಗಡಿಯಲ್ಲಿ ಪೆನ್ಸಿಲು ಮುಟ್ಟಲಿಲ್ಲ, ಗಿರಾಕಿಗಳು ಖುಷಿಪಟ್ಟರು. ಒಂದು ಸಂಜೆ ಸುಜಾತಾ ಚಹಾ ತಂದು ಇಟ್ಟು, “ನಿಮಗ ನೆನಪಿಲ್ಲಂದ್ರ ಅಲ್ಲಿ ಕುಂತು ರೊಟ್ಟಿ ಬಡದವರನ್ನ ಕೇಳ್ರಿ. ಕಣ್ಣು ನಿಮಗ ಒಬ್ಬರಿಗೇ ಅದಾವೇನು?” ಎಂದಳು. ಮರುದಿನ ಹೋದೆ.

ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ಹೆಂಗಸರು ರೊಟ್ಟಿ ಬಡಿಯುತ್ತಲೇ ಹೇಳತೊಡಗಿದರು. ಹಸಿರು ಬಳೆ ಎಂದು ಒಬ್ಬರು, ಇಲ್ಲ ಎಲ್ಲ ಕೆಂಪೇ ಇತ್ತು, ಹಸಿರು ಎಲ್ಲಿಂದ ಬರ್ತದ ಎಂದು ಗುಂಡಮ್ಮ. ನತ್ತು ಎಡಕ್ಕಿತ್ತು ಎಂದು ಶಾಂತಾಬಾಯಿ. ಸೆರಗು ತಲೆಯ ಮೇಲಿತ್ತು ಎಂಬುದಕ್ಕೆ ಎಲ್ಲರೂ ಒಪ್ಪಿದರು. ಹುಡುಗಿಗೆ ಎರಡು ಜಡೆ. ನಾನು ತೆಗೆಯುತ್ತ ಅಳಿಸುತ್ತ ಕುಳಿತೆ. ಕೊನೆಗೆ ಮುಖ ಉಳಿಯಿತು. ಎಲ್ಲರೂ ಮಹಾದೇವಮ್ಮನವರನ್ನು ನೋಡಿದರು.

“ನನ್ನ ಕೇಳಬ್ಯಾಡ್ರಿ” ಎಂದರು ಅವರು. “ಬುದ್ಧಿ ಬಂದಾಗಿನಿಂದ ಅಲ್ಲೇ ಅದಾಳ ಅಂತ ನೋಡೇ ಇಲ್ಲ. ಈಗ ಕಣ್ಣು ಮುಚ್ಚಿದರ ಬರೇ ಗ್ವಾಡಿ ಬರ್ತದ.” ಕೈ ಮಾತ್ರ ರೊಟ್ಟಿ ಬಡಿಯುತ್ತಿತ್ತು.

ಆಗ ಜ್ಯೋತಿ ಹೇಳಿದಳು, ಮಹಬೂಬ ಮಿಸ್ತ್ರಿಯನ್ನು ಕರೆಸೋಣವೆಂದು. ಅವಳೇ ಫೋನು ಹಚ್ಚಿದಳು. ಮಿಸ್ತ್ರಿ ಬಂದು ಹೊಸ್ತಿಲ ಹೊರಗೇ ನಿಂತರು, ಮಹಾದೇವಮ್ಮ “ಒಳಗ ಬಾ” ಎನ್ನುವವರೆಗೂ.

“ಮುಖಾ ಕಡೀಗೆ ಇಟ್ಟಿದ್ದೆರಿ” ಎಂದರು. “ರೈಲು, ನವಿಲು ಎಲ್ಲಾ ಸರಸರ ತೆಗದೆ. ಮುಖಕ್ಕ ಪಟ್ಟಿ ಹಚ್ಚಾಕ ಕೈ ಬರಲಿಲ್ಲ. ಒಂದು ಬೀಡಿ ಸೇದಿ ಬಂದೆ. ಮತ್ತ ಕುಂತು ನೋಡಿದೆ. ಸರ್ ಹೇಳ್ಯಾರ, ಏನರೆ ಕಾರಣ ಇದ್ದೀತು ಅಂತ ತೆಗದೆ.”

ನಾನು ಹತ್ತು ನಿಮಿಷ ಮೊದಲು ಒಳಗೆ ಬಂದಿದ್ದರೆ ಎಂದು ನೀವು ಕೇಳಬಹುದು. ಬಸ್ಸು ಸರಿಯಾದ ಹೊತ್ತಿಗೇ ಬಂದಿತ್ತು. ದಾರಿಯಲ್ಲಿ ಹಳೆಯ ಬಾಗಿಲೊಂದರ ಚಿಲಕ ನೋಡುತ್ತ ನಿಂತಿದ್ದೆ.

ಮಿಸ್ತ್ರಿ ನನ್ನ ಪಕ್ಕ ಕುಳಿತು ಒಂದೊಂದಾಗಿ ಹೇಳಿದರು. ಮುಖ ಗುಂಡಗಿರಲಿಲ್ಲ, ಬಾದಾಮಿ ಬೀಜದ ಹಾಗೆ ಕೆಳಗೆ ಚೂಪು. ಎಡಗಣ್ಣು ಬಲಗಣ್ಣಿಗಿಂತ ದೊಡ್ಡದು, ಬಣ್ಣ ಇಳಿದು ಹಾಗಾಗಿತ್ತು. ಗದ್ದದ ಮೇಲೆ ಮೂರು ಚುಕ್ಕೆ, ಹಚ್ಚೆಯವು. ಹಣೆಯ ಕುಂಕುಮ ಕಡ್ಡಿಯಿಂದ ಇಟ್ಟದ್ದಲ್ಲ, ಬೆರಳಿನಿಂದ ಒತ್ತಿದ್ದು, ಬೆರಳಿನ ಗೆರೆ ಕಾಣುತ್ತಿತ್ತು. ಗೆರೆ ನನ್ನಿಂದ ಬರಲಿಲ್ಲ, ಬೊಟ್ಟು ಮಾತ್ರ ಬಂತು. ಅವರು ಹೇಳಿದಂತೆ ನಾನು ತೆಗೆದೆ. ಜೀವನದಲ್ಲಿ ಮೊದಲ ಸಲ ಮುಖದಿಂದ ಕಣ್ಣು ಕೀಳದೆ ತೆಗೆದೆ, ಎದುರಿಗೆ ಮುಖವೇ ಇರಲಿಲ್ಲ.

“ಬಾಯಿ?” ಎಂದು ಕೇಳಿದೆ.

“ಬಾಯಿ ಇರಲಿಲ್ರಿ.”

ಹೆಂಗಸರೆಲ್ಲ ಕೈ ನಿಲ್ಲಿಸಿದರು. ನಗುತ್ತಿದ್ದಳು ಎಂದರು ಗುಂಡಮ್ಮ. ಹೌದು, ನನಗೂ ನಕ್ಕಂಗ ಕಾಣ್ತಿತ್ತು ಎಂದರು ಶಾಂತಾಬಾಯಿ, “ಸಾವುಕಾರ್ರ, ಒಂದು ಸಣ್ಣ ನಗೀ ಹಾಕ್ರಿ, ಏನ ಹೋಗತದ.” ಮಿಸ್ತ್ರಿ ತಲೆ ತಗ್ಗಿಸಿದರು. “ನಾ ಸುಳ್ಳು ಹೇಳಾಕತ್ತಿಲ್ರಿ. ಅಲ್ಲಿ ಬರೇ ಸುಣ್ಣ ಇತ್ತು. ಮರತಿದ್ದರೋ, ತೆಗೀಲಾಕ ಬರ್ತಿರಲಿಲ್ಲೋ.”

ಪೆನ್ಸಿಲು ಹಿಡಿದು ಮಹಾದೇವಮ್ಮನವರನ್ನು ನೋಡಿದೆ. ಅವರು ಎದ್ದು ಬಂದು, ಹಿಟ್ಟಿನ ಕೈ ಹಿಂದಕ್ಕೆ ಕಟ್ಟಿಕೊಂಡು ರಟ್ಟಿನ ಮೇಲೆ ಬಾಗಿದರು. ಅವರ ಗದ್ದವೂ ಚೂಪು. ಅದನ್ನು ನಾನು ಅಷ್ಟು ವರ್ಷ ಗುಳಿಗೆ ಕೊಟ್ಟೂ ನೋಡಿರಲಿಲ್ಲ.

“ಇರಲಾರದ್ದು ತೆಗೀಬ್ಯಾಡ್ರಿ” ಎಂದರು. “ಅಕಿ ತಾನು ಹ್ಯಾಂಗ ತೆಗದಿದ್ದಳೋ ಹಂಗ ಇರಲಿ.”

ಬಾಯಿಲ್ಲದ ಆ ಮುಖ ಈಗ ಚೌಕಟ್ಟಿನಲ್ಲಿ, ಬಿಳಿಯ ಗೋಡೆಯ ಮೇಲಿದೆ. ನೋಡಲು ಬಂದವರು ಇದು ಅಪೂರ್ಣ, ಕಲಾವಿದ ಮರೆತಿದ್ದಾನೆ ಎನ್ನುತ್ತಾರೆ. ಅವರಿಗಾಗಿ ಇದನ್ನು ಬರೆದಿಟ್ಟಿದ್ದೇನೆ. ಗೋಡೆಯ ಮೇಲಿನ ಮೂಲ ಚಿತ್ರವನ್ನು ಕಂಡವರಲ್ಲಿ ಇಂದಿಗೂ ಇರುವವರು, ನನಗೆ ತಿಳಿದಂತೆ, ಇವರು: ಮಹಾದೇವಮ್ಮ, ಅವರ ಸೊಸೆ ಜ್ಯೋತಿ, ರೊಟ್ಟಿ ಬಡಿಯುವ ಶಾಂತಾಬಾಯಿ, ಗುಂಡಮ್ಮ ಮತ್ತು ಉಳಿದ ಇಬ್ಬರು (ಸೆರಗು ಮತ್ತು ಜಡೆಯ ಮಟ್ಟಿಗೆ ಇವರ ಮಾತು ನಂಬಬಹುದು), ಮತ್ತು ನಾನು (ರೈಲು ಮತ್ತು ಎತ್ತುಗಳ ಮಟ್ಟಿಗೆ ಮಾತ್ರ). ಮುಖವನ್ನು ನೋಡಿದವರು ಒಬ್ಬರೇ, ಮಹಬೂಬ ಮಿಸ್ತ್ರಿ.